ಬಹುಮಾನದ ಮಣ್ಣಿನ ಕೋಟೆ ಮತ್ತು ಅದರ ಹಿಂದಿನ ಗೋಡೆ

ಮಾನ್ಯ ಶಿಕ್ಷಣಾಧಿಕಾರಿಗಳೇ,

ತಮ್ಮ ಕಚೇರಿ ಮೊದಲ ಬಹುಮಾನ ಕೊಟ್ಟ ಮಣ್ಣಿನ ಕೋಟೆಯೊಂದು ನಮ್ಮ ಶಾಲೆಯ ಹಿಂಗೋಡೆಯನ್ನು ಬೀಳಿಸುತ್ತಿದೆ. ಆ ಗೋಡೆಯ ಒಳಮಗ್ಗುಲಿಗೆ ಮೂರನೆಯ ಮತ್ತು ನಾಲ್ಕನೆಯ ಇಯತ್ತೆಯ ಇಪ್ಪತ್ತೆರಡು ಮಕ್ಕಳು ಕೂರುತ್ತಾರೆ. ಕೋಟೆಯನ್ನು ಯಾರೂ ಮುಟ್ಟಬಾರದು, ಅದಕ್ಕೆ ದಿನಾ ನೀರು ಹಾಕಬೇಕು, ಮಕ್ಕಳನ್ನು ಅದೇ ಕೋಣೆಯಲ್ಲಿ ಕೂರಿಸಬೇಕು ಎಂಬ ಆದೇಶ ತಮ್ಮದು. ನಾನು ಆ ಮಕ್ಕಳ ಶಿಕ್ಷಕಿ. ನನಗೆ ಭಯವಾಗಿದೆ. ಸರಕಾರಿ ಭಾಷೆಯಲ್ಲಿ ಇದಕ್ಕೆ ‘ಆತಂಕ ವ್ಯಕ್ತಪಡಿಸುವುದು’ ಅನ್ನುತ್ತಾರೇನೋ. ನನ್ನದು ಅಷ್ಟು ಮರ್ಯಾದಸ್ಥ ಸಂಗತಿಯಲ್ಲ. ಪಾಠ ಮಾಡುತ್ತಿರುವಾಗ ಯಾರಾದರೂ ಪೆನ್ಸಿಲ್ ಬೀಳಿಸಿದರೂ ನನ್ನ ಜೀವ ಬಾಯಿಗೆ ಬರುತ್ತದೆ.

ಹೀಗೆ ಬಹಿರಂಗವಾಗಿ ಬರೆಯುವುದು ನನ್ನಂಥ ನೌಕರಳಿಗೆ ತಕ್ಕದ್ದಲ್ಲವೆಂದು ಬಲ್ಲೆ. ಆದ್ದರಿಂದಲೇ ಮೊದಲು ತಕ್ಕ ರೀತಿಯಲ್ಲಿ ಮೂರು ಅರ್ಜಿ ಬರೆದೆ, ಮೂರನ್ನೂ ಮರಾಠಿಯಲ್ಲಿ, ಎಡಕ್ಕೆ ಎರಡು ಬೆರಳು ಅಂಚು ಬಿಟ್ಟು, ಮುಖ್ಯಾಧ್ಯಾಪಕರ ಮುಖಾಂತರ. ಅವುಗಳಿಗೆ ಏನು ಉತ್ತರ ಬಂತು ಎಂಬುದನ್ನು ಮುಂದೆ ಹೇಳುತ್ತೇನೆ. ಈ ನಾಲ್ಕನೆಯದನ್ನು ಕನ್ನಡದಲ್ಲಿ ಬರೆಯುತ್ತಿರುವುದಕ್ಕೆ ಕಾರಣ ಇಷ್ಟೇ: ನಮ್ಮದು ಮರಾಠಿ ರಾಜ್ಯದ ಗಡಿಯೊಳಗಿನ ಕನ್ನಡ ಶಾಲೆ, ಮಕ್ಕಳ ಅವ್ವ ಅಪ್ಪ ಓದುವುದು ಕನ್ನಡ. ತಮ್ಮ ಮಕ್ಕಳು ಎಲ್ಲಿ ಕೂರುತ್ತಿದ್ದಾರೆ ಎಂಬುದು ಅವರಿಗೂ ಪೂರ್ತಿ ತಿಳಿಯಲಿ. ಊರಿನ ಹೆಸರು ಬರೆಯುವುದಿಲ್ಲ. ಕುರುಂದವಾಡದಿಂದ ತುಸು ಆಚೆ, ನದಿಯ ದಂಡೆಗೆ ಇದೆ. ತಮಗೆ ಊರು ಗೊತ್ತಿದೆ, ಬಹುಮಾನಪತ್ರದಲ್ಲಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದೆ.

ನವರಾತ್ರಿಯ ಘಟಸ್ಥಾಪನೆಗೆ ನಾಲ್ಕು ದಿನ ಇರುವಾಗ ತಮ್ಮ ಸುತ್ತೋಲೆ ಬಂತು. ‘ಶರದ್ ಋತುವಿನ ಕೃತಿಶೀಲ ಕಲಿಕೆ’. ಮಗು ಪುಸ್ತಕ ಬಿಟ್ಟು ಕೈಯಾರೆ ಮಾಡಿ ಕಲಿಯತಕ್ಕದ್ದು, ಪರಿಸರದ ಹಬ್ಬಗಳನ್ನು ಪಾಠಕ್ಕೆ ಜೋಡಿಸತಕ್ಕದ್ದು, ಪ್ರತಿ ಉಪಕ್ರಮದ ಫೋಟೊವನ್ನು ಆ್ಯಪಿಗೆ ಏರಿಸತಕ್ಕದ್ದು. ಸುಳ್ಳೇಕೆ ಹೇಳಲಿ, ಓದಿ ಖುಷಿಯಾಯಿತು. ಹದಿನಾಲ್ಕು ವರ್ಷದ ನೌಕರಿಯಲ್ಲಿ ಇಷ್ಟು ಒಳ್ಳೆಯ ಸುತ್ತೋಲೆ ನಾನು ಕಂಡಿರಲಿಲ್ಲ. ಘಟ ಹಾಕಿದ ದಿನ ಮಕ್ಕಳು ಪತ್ರಾವಳಿಯ ಮೇಲೆ ತಂತಮ್ಮ ಹೊಲದ ಮಣ್ಣು ಹರಡಿ ಒಂಬತ್ತು ಧಾನ್ಯ ಬಿತ್ತಿದರು. ಯಾರ ಮೊಳಕೆ ಎಷ್ಟು ಎತ್ತರ ಎಂದು ದಿನಾ ಪಟ್ಟಿ ಹಿಡಿದು ಅಳೆದರು. ದಸರೆಗೆ ಬನ್ನಿ ಎಲೆಯನ್ನೂ ಮರಾಠಿ ಮನೆಗಳಲ್ಲಿ ಬಂಗಾರವೆಂದು ಹಂಚುವ ಆಪಟೆ ಎಲೆಯನ್ನೂ ಪಕ್ಕಪಕ್ಕ ಇಟ್ಟು, ಸುತ್ತ ಗೆರೆ ಎಳೆದು, ಯಾವುದು ಖರೆ ಬಂಗಾರ ಎಂದು ಜಗಳಾಡಿದರು. ಸೀಗಿಹುಣ್ಣಿಮೆಗೆ ಅಕಿವಾಟದ ಬದಿಯ ಒಂದು ಹೊಲಕ್ಕೆ ಹೋಗಿ ಚರಗ ಚೆಲ್ಲಿ, ಉಳಿದ ಕಡಬು ತಿಂದು, ಒಂದು ಜೋಳದ ತೆನೆಯಲ್ಲಿ ಎಷ್ಟು ಕಾಳು ಎಂದು ಎಣಿಸಿ ಬಂದರು. ಓದಲು ಕೂತರೆ ಕಣ್ಣು ಮುಚ್ಚುವ ಹುಡುಗರೆಲ್ಲ ಆ ದಿನಗಳಲ್ಲಿ ಗಂಟೆ ಹೊಡೆಯುವ ಮೊದಲೇ ಶಾಲೆಯಲ್ಲಿರುತ್ತಿದ್ದರು.

ಇದಾದ ಮೇಲೆ ದೀಪಾವಳಿಗೆ ಮಕ್ಕಳು ಕಟ್ಟುವ ಮಣ್ಣಿನ ಕೋಟೆ. ಈ ಸೀಮೆಯಲ್ಲಿ ಕೋಟೆ ಕಟ್ಟದ ಬಾಲ್ಯವೇ ಇಲ್ಲ, ಮನೆಯಲ್ಲಿ ಆಡುವ ಭಾಷೆ ಯಾವುದೇ ಇರಲಿ. ನಾನು ಬೆಳೆದದ್ದು ಇಚಲಕರಂಜಿಯ ಒಂದು ಚಾಳಿನಲ್ಲಿ. ಅಪ್ಪ ಮಗ್ಗದ ಮೇಲೆ, ಅವ್ವ ಹೌಸಾಬಾಯಿ ಕಾಂಡಿ ಮಶೀನಿನಲ್ಲಿ ನೂಲು ಸುತ್ತುವುದಕ್ಕೆ. ಮಗ್ಗದ ಶೆಡ್ಡಿನ ಗೋಡೆಗೆ ಒರಗಿಸಿ ನಾವು ಕೋಟೆ ಕಟ್ಟುತ್ತಿದ್ದೆವು. ಒಳಗೆ ಮಗ್ಗ ಓಡಿದರೆ ಹೊರಗೆ ಕೋಟೆಯ ಮೇಲಿಟ್ಟ ನಮ್ಮ ಮಣ್ಣಿನ ಮಾವಳೆ ಸೈನಿಕರು ತಾವಾಗಿಯೇ ನಡುಗುತ್ತಿದ್ದರು. ತುಳಸಿ ಲಗ್ನದ ಮರುದಿನ ಅವ್ವ ಹೊರಗೆ ಬಂದು ನಿಂತು, “ಮುಗೀತಲಾ ದೀಪಾವಳಿ? ಮಹಾರಾಜರ ಮೂರ್ತಿ ಒಳಗ ತಂದ ಇಡ್ರಿ, ಕೋಟಿ ಕೆಡವ್ರಿ. ಗ್ವಾಡಿಗಿ ಓಲ ಹಿಡೀತೈತಿ” ಅನ್ನುತ್ತಿದ್ದಳು. ಓಲ ಅಂದರೆ ತೇವ. ಒಂದಕ್ಷರ ಓದಲು ಬಾರದ ಹೆಂಗಸು. ನಾವು ಅಳುತ್ತ ಕೆಡಹುತ್ತಿದ್ದೆವು. ಹಸಿಮಣ್ಣು ಗೋಡೆಗೆ ಒಂದು ತಿಂಗಳ ಮೇಲೆ ಒರಗಬಾರದು ಎಂಬುದು ಚಾಳಿನ ಪ್ರತಿ ಅವ್ವನಿಗೂ ಗೊತ್ತಿತ್ತು. ಡಿ.ಎಡ್. ಮಾಡಿದ ನನಗೆ ಅದು ನೆನಪಾಗಲಿಲ್ಲ.

ತಪ್ಪು ನನ್ನದು ಎಂದು ಇಲ್ಲಿಯೇ ಬರೆದುಬಿಡುತ್ತೇನೆ, ತಮಗೆ ವಿಚಾರಣೆ ನಡೆಸುವ ಶ್ರಮ ಉಳಿಯಲಿ. ಈ ಮಳೆಗಾಲದಲ್ಲಿ ನದಿಯ ನೀರು ಶಾಲೆಯ ಅಂಗಳದಲ್ಲಿ ಹನ್ನೊಂದು ದಿನ ನಿಂತಿತ್ತು. ಇಳಿದ ಮೇಲೆ ಹಿಂಗೋಡೆಯ ಬುಡಕ್ಕೆ ಬೆಣ್ಣೆಯಂಥ ಮೆಕ್ಕಲು ಮಣ್ಣು ಉಳಿಯಿತು. “ದೂರ ಯಾಕ ಹೊಕ್ಕೀರಿ, ಇಲ್ಲೇ ತೋಡ್ರಿ” ಎಂದು ಮಕ್ಕಳಿಗೆ ಹೇಳಿದವಳು ನಾನು. ಅವರು ಗೋಡೆಯ ಕಾಲಬುಡದಲ್ಲೇ ತೋಡಿದರು. ತೋಡಿದ ಮಣ್ಣು ಕೋಟೆಯಾಯಿತು, ತೋಡಿದ ಗುಂಡಿ ಕಂದಕವಾಯಿತು. ಕೋಟೆ ನಾಲ್ಕು ಅಡಿ ಎತ್ತರ, ಮೂರು ಬುರುಜು, ಮೇಲೊಂದು ಮಹಾರಾಜರ ಮೂರ್ತಿ. ಇಳಿಜಾರಿಗೆ ಸಾಸಿವೆ, ಅಳವಿ ಬಿತ್ತಿದೆವು. ಹಸಿರು ಬಾಡಬಾರದೆಂದು ದಿನಾ ನಾಲ್ಕು ಬಕೆಟ್ ನೀರು. ದೀಪಾವಳಿ ರಜೆಯಲ್ಲಿ ಯಾರು ಯಾವ ದಿನ ನೀರು ಹಾಕಬೇಕೆಂದು ಪಾಳಿ ಬರೆದು ಬಾಗಿಲಿಗೆ ಅಂಟಿಸಿದವಳೂ ನಾನೇ. ಮಕ್ಕಳು ಒಂದು ದಿನವನ್ನೂ ತಪ್ಪಿಸಲಿಲ್ಲ. ಈ ಗೋಡೆ ಕಲ್ಲಿನದು, ಆದರೆ ಕಲ್ಲು ಕಲ್ಲಿನ ನಡುವೆ ಇರುವುದು ಬರಿ ಮಣ್ಣು, ಮೇಲೊಂದು ಸಿಮೆಂಟಿನ ಗಿಲಾವು ಮಾತ್ರ. ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ನನಗೂ ಗೊತ್ತಿರಲಿಲ್ಲ ಎಂದರೆ ಅದು ಕ್ಷಮೆ ಆಗುತ್ತದೆಯೇ?

ರಜೆ ಮುಗಿದು ಶಾಲೆ ತೆರೆದ ದಿನ ಎರಡು ಸಂಗತಿ ಒಟ್ಟಿಗೆ ನಡೆದವು. ನಮ್ಮ ಕೋಟೆಗೆ ಮೊದಲ ಬಹುಮಾನ ಬಂದಿದೆ ಎಂಬ ಸುದ್ದಿ ಮೊಬೈಲಿಗೆ ಬಂತು. ಕಿಟಕಿಯ ಮೂಲೆಯಿಂದ ಕೆಳಕ್ಕೆ ಗೋಡೆಯ ಮೇಲೆ ಒಂದು ಗೆರೆ ಕಂಡಿತು. ನಾನು ಬಹುಮಾನದ ಸುದ್ದಿಯನ್ನು ಮಕ್ಕಳಿಗೆ ಓದಿ ಹೇಳಿ ಚಪ್ಪಾಳೆ ಹೊಡೆಸಿದೆ. ಗೆರೆಯನ್ನು ನೋಡಿ, ಗಿಲಾವು ಹಳೆಯದಾಯಿತು ಅಂದುಕೊಂಡೆ.

ಗೆರೆಯನ್ನು ಸರಿಯಾಗಿ ನೋಡಿದವಳು ನೇತ್ರಾ. ಮೂರನೆಯ ಇಯತ್ತೆ, ಎಂಟು ವರ್ಷ, ಕಿಟಕಿಯ ಕೆಳಗೆ ಅವಳ ಜಾಗ. ತಮ್ಮ ಸುತ್ತೋಲೆಯ ಪ್ರಕಾರ ಪ್ರತಿ ಮಗುವಿಗೂ ಒಂದು ವೀಕ್ಷಣೆಯ ವಹಿ ಇದೆ. ‘ಇಂದು ಏನು ಅಳೆದೆ?’ ಎಂಬ ಕಾಲಮ್ಮಿನಲ್ಲಿ ದಿನಾ ಏನಾದರೂ ಬರೆಯಬೇಕು. ಮೊಳಕೆಗಳು ಬೆಳೆದು ನಿಂತುಬಿಟ್ಟಿದ್ದವು, ಅಳೆಯಲು ಹೊಸದೇನೂ ಇರಲಿಲ್ಲ. ಹುಡುಗಿ ಗೆರೆಯನ್ನು ಅಳೆದಳು. ಅವಳು ಬರೆದದ್ದನ್ನು ಹಾಗೆಯೇ ಕೊಡುತ್ತೇನೆ. ಸೋಮವಾರ: ‘ಗ್ವಾಡಿ ಗೆರ್‍ಯಾಗ ಕಾಗದ ಹೋತು.’ ಬುಧವಾರ: ‘ಕಡ್ಡಿಪೆಟಗಿ ಕಡ್ಡಿ ಹೋತು.’ ಶನಿವಾರ: ‘ಪೆನ್ಸಿಲ್ ಹೋತು.’ ಮುಂದಿನ ಮಂಗಳವಾರ: ‘ನನ್ನ ಕಿರಿಬಳ್ಳ ಹೋತು. ಒಳಗ ತಂಪ ಐತಿ.’ ಮೊದಲ ಮೂರಕ್ಕೂ ನಾನು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿ ‘ಶಾಬಾಸ್’ ಎಂದು ಬರೆದಿದ್ದೇನೆ. ಓದದೆ ಬರೆದಿದ್ದೇನೆ, ಸಾಹೇಬರೇ. ನಲವತ್ತೇಳು ಮಕ್ಕಳ ಶಾಲೆಗೆ ಇಬ್ಬರು ಶಿಕ್ಷಕರು, ಫೋಟೊ ಏರಿಸುವ ಗಡಿಬಿಡಿ, ಎಲ್ಲವೂ ನಿಜ. ಆದರೂ ಓದದೆ ಬರೆದೆ. ನಾಲ್ಕನೆಯದನ್ನು ಓದಿದಾಗ ಎದ್ದು ಹೋಗಿ ಆ ಗೆರೆಯಲ್ಲಿ ನನ್ನ ಕಿರುಬೆರಳನ್ನೂ ಇಟ್ಟು ನೋಡಿದೆ.

ಅವತ್ತೇ ನೇತ್ರಾಳ ಅಜ್ಜನನ್ನು ಕರೆಸಿದೆ. ಭರಮಪ್ಪನವರು ನಲವತ್ತು ವರ್ಷ ಗೌಂಡಿ ಕೆಲಸ ಮಾಡಿದವರು, ಊರಿನ ಅರ್ಧ ಮನೆ ಅವರ ಕೈಯವು. ದಾರಕ್ಕೆ ಕಟ್ಟಿದ ತೂಕದ ಗುಂಡನ್ನು ಗೋಡೆಯ ಉದ್ದಕ್ಕೂ ಇಳಿಬಿಟ್ಟರು. ಮುಷ್ಟಿಯಿಂದ ಅಲ್ಲಲ್ಲಿ ಬಡಿದು ಕಿವಿಯಿಟ್ಟು ಕೇಳಿದರು. ಹೊರಗೆ ಹೋಗಿ ಕಂದಕದಲ್ಲಿ ಮೊಣಕೈವರೆಗೆ ಕೈ ಇಳಿಸಿ, ಗೋಡೆಯ ಬುಡದಿಂದ ಒಂದು ಹಿಡಿ ಕೆಸರು ಎತ್ತಿ ನನಗೆ ತೋರಿಸಿದರು.

“ಅಕ್ಕೋರ, ಇದು ಬುನಾದಿ ಮಣ್ಣರಿ. ನೀರಾಗ ಕರಗಿ ಬರಾಕತ್ತೈತಿ. ಗ್ವಾಡಿ ನಡುವ ಹೊಟ್ಟಿ ಬಿಟ್ಟೈತಿ.”

“ಅಂದ್ರ ಬೀಳತೈತೇನ್ರಿ?”

“ಯಾವತ್ತ ಬೀಳತೈತಿ ಅಂತ ಹೇಳಾಕ ಬರೂದಿಲ್ಲ. ಇವತ್ತ ಬೀಳಬಹುದು, ಯುಗಾದಿ ತನಕಾನೂ ನಿಂದರಬಹುದು. ಆದ್ರ ನನ್ನ ಮಮ್ಮಗಳನ್ನ ನಾ ಇಲ್ಲಿ ಕುಂದರಸೂದಿಲ್ಲರಿ.”

“ಈಗಿಂದೀಗ ಕೋಟಿ ಕೆಡವಿಬಿಟ್ರ?”

“ಅಯ್ಯ, ಹಂಗ ಮಾಡಬ್ಯಾಡ್ರಿ! ಈಗ ಆ ಕೋಟೀನ ಗ್ವಾಡಿಗಿ ಆಸರ ಆಗೇತಿ. ಅದನ್ನ ತಗದ್ರ ಕೆಡವಾವರ ಮ್ಯಾಲ ಬರತೈತಿ. ಮೊದಲ ಕೋಣಿ ಖಾಲಿ ಆಗಬೇಕು. ಮ್ಯಾಲಿನ ತಗಡ ಬಿಚ್ಚಬೇಕು, ಒಳಗ ಕಂಬ ಕೊಡಬೇಕು, ಆಮ್ಯಾಲ ಒಂದೊಂದ ಕಲ್ಲ ಇಳಸ್ಕೋಂತ ಬರಬೇಕು. ನಾಕ ಮಂದಿ ಗೌಂಡಿ ಕೂಡಿದ್ರ ಎರಡ ದಿನದ ಕೆಲಸ.”

“ನೀವ ಮಾಡ್ತೀರೇನ್ರಿ?”

“ಮಾಡ್ತೇನ್ರಿ, ಪಗಾರನೂ ಬ್ಯಾಡ. ಆದ್ರ ಸರಕಾರಿ ಗ್ವಾಡಿ. ನಾಳೆ ಯಾಂವರ ಬಂದು ‘ಯಾರಪ್ಪಣಿ ತಗೊಂಡ ಕೆಡವಿದಿ’ ಅಂದ್ರ ನಾ ಏನ ತೋರಸ್ಲಿ? ಸಾಹೇಬರ ಕಡಿಂದ ಒಂದ ಚೀಟಿ ತರಸ್ರಿ ಸಾಕು.”

ಒಂದು ಚೀಟಿ. ಅದಕ್ಕಾಗಿ ನಾನು ಮಾಡಿದ ಪ್ರಯತ್ನಗಳ ವಿವರ ಹೀಗಿದೆ. ಮೊದಲ ಅರ್ಜಿ ಹೋದ ಮೂರನೆಯ ದಿನ ತಮ್ಮ ಕಚೇರಿಯ ಪತ್ರ ಬಂತು. ನಿಂತಲ್ಲೇ ಒಡೆದು ಓದಿದೆ. ಬಹುಮಾನಿತ ಕೃತಿಯನ್ನು ಮಾನ್ಯ ಅಧಿಕಾರಿಗಳು ಖುದ್ದಾಗಿ ವೀಕ್ಷಿಸಲಿದ್ದಾರೆ, ಅಲ್ಲಿಯವರೆಗೆ ಹಸಿರು ಬಾಡದಂತೆ, ಕಂದಕದಲ್ಲಿ ನೀರು ಇರುವಂತೆ, ಯಥಾಸ್ಥಿತಿಯಲ್ಲಿ ಕಾಪಾಡತಕ್ಕದ್ದು, ವೀಕ್ಷಣೆಯ ವೇಳೆ ಮಕ್ಕಳು ತಮ್ಮ ವರ್ಗಕೋಣೆಯಲ್ಲಿ ಕೃತಿಶೀಲರಾಗಿರತಕ್ಕದ್ದು ಎಂದಿತ್ತು. ಕಂದಕದ ನೀರಿಗೆ ‘ಜಲಸಂರಕ್ಷಣೆಯ ಜಾಗೃತಿ’ ಎಂಬ ವಿಶೇಷ ಮೆಚ್ಚುಗೆಯೂ ಇತ್ತು. ಗೋಡೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಅರ್ಜಿಯನ್ನು ಓದಿದವರು ಯಾರು? ಓದದೆ ‘ಶಾಬಾಸ್’ ಬರೆಯುವ ರೋಗ ನನ್ನೊಬ್ಬಳದೇ ಅಲ್ಲವೆಂದು ಆಗ ತಿಳಿಯಿತು. ಎರಡನೆಯ ಅರ್ಜಿಯ ನಂತರ ನಾನೇ ತಮ್ಮ ಕಚೇರಿಗೆ ಫೋನ್ ಮಾಡಿದೆ. ಕೋಟೆ ಶೈಕ್ಷಣಿಕ ವಿಭಾಗಕ್ಕೆ ಬರುತ್ತದೆ, ಗೋಡೆ ಬಾಂಧಕಾಮ, ಅಂದರೆ ಕಟ್ಟಡ ವಿಭಾಗಕ್ಕೆ, ಎಂದು ವಿವರಿಸಿದರು. ಎರಡೂ ಒಂದಕ್ಕೊಂದು ಅಂಟಿಕೊಂಡಿವೆಯಲ್ಲ ಎಂದೆ. “ಬಘೂಯಾ ಮ್ಯಾಡಮ್” ಎಂದರು. ನೋಡೋಣ ಎಂದು ಅರ್ಥ. ಯಾರು, ಯಾವಾಗ ನೋಡುವುದು? ತಮ್ಮ ಭೇಟಿಯ ದಿನ ಇದುವರೆಗೆ ಮೂರು ಸಲ ಮುಂದೆ ಹೋಗಿದೆ. ಒಮ್ಮೆ ಗಡಹಿಂಗ್ಲಜದಲ್ಲಿ ಸಭೆ, ಒಮ್ಮೆ ಕೊಲ್ಹಾಪುರದಲ್ಲಿ ತರಬೇತಿ, ಒಮ್ಮೆ ಕಾರಣವನ್ನೇ ತಿಳಿಸಲಿಲ್ಲ. ಪ್ರತಿ ಸಲವೂ ಕಂದಕಕ್ಕೆ ಹೊಸ ನೀರು ತುಂಬಿಸಿದ್ದೇವೆ.

ಆ್ಯಪಿನಲ್ಲಿ ಬಿರುಕಿನ ಫೋಟೊ ಏರಿಸಲೂ ನೋಡಿದೆ. ಅದರಲ್ಲಿ ‘ಹಬ್ಬ’, ‘ಬೀಜ ಮತ್ತು ಮೊಳಕೆ’, ‘ಎಲೆಗಳು’, ‘ಮಗುವಿನ ಆವಿಷ್ಕಾರ’ ಎಂಬ ವಿಭಾಗಗಳಿವೆ. ಗೋಡೆ ಬೀಳುವುದಕ್ಕೆ ವಿಭಾಗವಿಲ್ಲ. ಮಗುವೇ ಕಂಡುಹಿಡಿದದ್ದು ನಿಜವಾದ್ದರಿಂದ ‘ಮಗುವಿನ ಆವಿಷ್ಕಾರ’ದಲ್ಲಿ ಹಾಕಿದೆ. ಒಂದೇ ನಿಮಿಷದಲ್ಲಿ ಉತ್ತರ ಬಂತು: ಅಭಿನಂದನೆಗಳು, ನಿಮ್ಮ ಉಪಕ್ರಮ ಯಶಸ್ವಿಯಾಗಿ ದಾಖಲಾಗಿದೆ. ಜೊತೆಗೆ ಒಂದು ಹಳದಿ ನಕ್ಷತ್ರ. ಶಿಕ್ಷಣ ಇಲಾಖೆ ನನಗೆ ಕೊಟ್ಟ ಅತ್ಯಂತ ಶೀಘ್ರ ಉತ್ತರ ಅದು.

ಮಕ್ಕಳನ್ನು ಹೊರಗೆ ಕೂರಿಸಬಾರದಿತ್ತೇ ಎಂದು ಓದುವವರು ಕೇಳಬಹುದು. ಕೂರಿಸಿದೆ. ಎರಡು ದಿನ ಬೇವಿನ ಮರದ ಕೆಳಗೆ ಪಾಠ ಮಾಡಿದೆ. ಮೂರನೆಯ ದಿನ ನೋಟೀಸು ಬಂತು: ಸುಸಜ್ಜಿತ ಕೋಣೆ ಲಭ್ಯವಿದ್ದರೂ ಮಕ್ಕಳನ್ನು ಬಯಲಿನಲ್ಲಿ ಕೂರಿಸಿ ಶಾಲೆಯ ಹೆಸರಿಗೆ ಧಕ್ಕೆ ತಂದ ಕಾರಣಕ್ಕೆ ತಮ್ಮ ಮೇಲೆ ಕ್ರಮ ಏಕೆ ಕೈಗೊಳ್ಳಬಾರದು? ನಮ್ಮಲ್ಲಿ ಕೋಣೆಗಳು ಮೂರೇ. ಒಂದರಲ್ಲಿ ಒಂದನೆಯ ಮತ್ತು ಎರಡನೆಯ ಇಯತ್ತೆ, ಇನ್ನೊಂದರಲ್ಲಿ ಮಧ್ಯಾಹ್ನದ ಊಟದ ಅಕ್ಕಿ ಬೇಳೆ. ಅಕ್ಕಿ ಇರುವ ಕೋಣೆಯ ಗೋಡೆ ಮಾತ್ರ ಗಟ್ಟಿ, ಅದು ಸಿಮೆಂಟಿನದು. ನಮ್ಮ ಮುಖ್ಯಾಧ್ಯಾಪಕರು ಭಾವುಸಾಹೇಬ ಗುರುಗಳು ದೇವರಂಥ ಮನುಷ್ಯ. ಅವರು ಆ ನೋಟೀಸನ್ನು ಎರಡು ಕೈಯಲ್ಲಿ ಹಿಡಿದುಕೊಂಡು, “ಬಾಯಿ, ನಂದು ನಿವೃತ್ತಿಗೆ ಇನ್ನ ಏಳ ತಿಂಗಳ ಉಳದೈತ್ರಿ. ನಿಮಗ ಕೈ ಮುಗೀತೇನಿ, ಸಾಹೇಬರ ಬಂದ ಹೋಗೂತನಕ ಸುಮ್ಮನಿರ್ರಿ” ಎಂದು ಕಣ್ಣಲ್ಲಿ ನೀರು ತಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನನಗೂ ನೌಕರಿಯ ಭಯವಿದೆ. ನನ್ನ ಪಗಾರದ ಮೇಲೆಯೇ ಮನೆ ನಡೆಯುತ್ತದೆ. ಇನ್ನೊಂದು ಭಯವನ್ನೂ ಹೇಳಿಬಿಡುತ್ತೇನೆ. ಕನ್ನಡ ಶಾಲೆಯ ಶಿಕ್ಷಕಿಯೊಬ್ಬಳು ಮಹಾರಾಜರ ಕೋಟೆಗೆ ಗುದ್ದಲಿ ಹಾಕಿಸಿದಳು ಎಂದು ಯಾವನೋ ಅರ್ಧ ನಿಮಿಷದ ವಿಡಿಯೊ ಮಾಡಿ ಬಿಟ್ಟರೆ, ಹಿಂದಿನ ಬಿರುಕನ್ನು ಯಾರು ನೋಡುತ್ತಾರೆ? ಆ ಮೂರ್ತಿಗೆ ನಾನೂ ಚಿಕ್ಕಂದಿನಿಂದ ಹೂವು ಏರಿಸಿದವಳು ಎಂದು ಯಾರ ಮುಂದೆ ಹೇಳಲಿ? ಹೀಗೆ ಎಲ್ಲರೂ ಒಬ್ಬರಿಗೊಬ್ಬರು ಹೆದರಿ, ಮಕ್ಕಳನ್ನು ಮತ್ತೆ ಅದೇ ಕೋಣೆಗೆ ಕರೆತಂದೆವು. ಕೋಣೆಯ ಮುಂದಿನ ಅರ್ಧದಲ್ಲಿ, ಬಾಗಿಲ ಹತ್ತಿರ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂರಿಸಿದೆ. ಚೀಲಗಳಿಗೆ ಜಾಗ ಸಾಲದೆ ಅವುಗಳನ್ನು ಹಿಂದೆ ಗೋಡೆಯ ಬದಿಗೆ ಇಡಿಸಿದೆ.

ಮಕ್ಕಳು ಶುದ್ಧಲೇಖನ ಬರೆಯುವಾಗ ಕೋಣೆ ತೀರ ಸುಮ್ಮನಿರುತ್ತದೆ. ಆಗ ಗೋಡೆಯ ಒಳಗಿನಿಂದ ಸರ್ ಸರ್ ಎಂದು ಸಪ್ಪಳ ಬರುತ್ತದೆ, ಯಾರೋ ಮೊರದಲ್ಲಿ ಕಾಳು ಹಸನು ಮಾಡಿದ ಹಾಗೆ. ಕಲ್ಲುಗಳ ನಡುವಿನ ಮಣ್ಣು ಉದುರುವ ಸದ್ದು ಅದು. ಅದನ್ನು ಕೇಳಬಾರದೆಂದು ನಾನು ಶುದ್ಧಲೇಖನ ಬರೆಸುವುದನ್ನೇ ಬಿಟ್ಟೆ. ಈಗ ದಿನವಿಡೀ ಮಗ್ಗಿ ಹೇಳಿಸುತ್ತೇನೆ, ಗಟ್ಟಿಯಾಗಿ.

ಕಳೆದ ಗುರುವಾರದ ಸಂಗತಿ ಹೇಳುತ್ತೇನೆ. ಮೊಮ್ಮಗಳನ್ನು ಕಳಿಸುವುದಿಲ್ಲ ಎಂದಿದ್ದ ಭರಮಪ್ಪನವರು ಅವಳ ಹಟಕ್ಕೆ ಸೋತು ಕಳಿಸಿದ್ದರು. ಅವಳ ಹಟ ಏನು ಗೊತ್ತೇ? ಗೆರೆಯನ್ನು ಅಳೆಯುವುದು ತಪ್ಪಿಹೋಗುತ್ತದೆ, ವಹಿಯಲ್ಲಿ ಒಂದು ದಿನ ಖಾಲಿ ಉಳಿಯುತ್ತದೆ ಎಂಬುದು. ದಿನಾ ಊಟ ಮುಗಿದ ಕೂಡಲೆ, ಬೇರೆ ಮಕ್ಕಳು ಆಡುತ್ತಿರುವಾಗ, ಅವಳು ಒಳಗೆ ಹೋಗಿ ಕಿಟಕಿಯ ಕೆಳಗೆ ಕೂತು ಅಳೆಯುತ್ತಿದ್ದಳಂತೆ. ಇದು ನನಗೆ ಗೊತ್ತಿರಲಿಲ್ಲ. ಅವತ್ತು ಉಂಡ ತಾಟನ್ನು ಹಾಗೆಯೇ ಬಿಟ್ಟು ಬಾಗಿಲ ಕಡೆ ಓಡುತ್ತಿದ್ದಳು. ನಾನು ಸಿಟ್ಟಿನಿಂದ, “ಏ ನೇತ್ರಾ, ತಾಟ ಯಾರ ತೊಳೀಬೇಕು, ನಿಮ್ಮಜ್ಜ ಬರಬೇಕೇನು?” ಎಂದು ಕೂಗಿದೆ. ಅವಳು ಮುಖ ಊದಿಸಿಕೊಂಡು ನಳದ ಕಡೆ ತಿರುಗಿದಳು. ತಾಟಿಗೆ ನೀರು ಬೀಳುವ ಹೊತ್ತಿಗೆ ಒಳಗೆ ಧಡಲ್ ಎಂದಿತು. ಎರಡು ಕಲ್ಲು ಮತ್ತು ಆಳೆತ್ತರದ ಗಿಲಾವಿನ ಹಪ್ಪಳಿಕೆ. ಕೋಣೆ ತುಂಬ ಬಿಳಿ ಧೂಳು. ಕಿಟಕಿಯ ಕೆಳಗಿದ್ದ ಚೀಲಗಳು ಅಡಿಗೆ ಬಿದ್ದು, ಒಂದರೊಳಗಿನ ಪಾಟಿ ಪುಡಿಯಾಗಿತ್ತು. ಮಕ್ಕಳೆಲ್ಲ ಹೊರಗೇ ಇದ್ದರು. ನಾನು ಎಣಿಸಿದೆ, ಇಪ್ಪತ್ತೆರಡು. ಮತ್ತೆ ಎಣಿಸಿದೆ. ಒಬ್ಬೊಬ್ಬರ ತಲೆ ಮುಟ್ಟಿ ಎಣಿಸಿದೆ. ಆಮೇಲೆ ನಳದ ಕಟ್ಟೆಯ ಮೇಲೆ ಕೂತುಬಿಟ್ಟೆ. ಆ ಹುಡುಗಿ ಬಂದು ಹಸಿ ತಾಟು ಹಿಡಿದುಕೊಂಡೇ ಕೇಳಿದಳು, “ಅಕ್ಕೋರ, ಯಾಕ ಅಳಾಕತ್ತೀರಿ? ನಾ ತಾಟ ತೊಳದೇನಲ್ರಿ.”

ಮೂರನೆಯ ಅರ್ಜಿ ಅವತ್ತೇ ಹೋಯಿತು, ಉದುರಿದ ಗೋಡೆಯ ಫೋಟೊ ಸಹಿತ. ಶುಕ್ರವಾರ ಸಂಜೆ ಉತ್ತರ: ಫೋಟೊದಲ್ಲಿ ಬಹುಮಾನಿತ ಕೃತಿ ಕಾಣಿಸುತ್ತಿಲ್ಲ, ಅದಕ್ಕೆ ಹಾನಿ ಆಗಿಲ್ಲವೆಂಬ ದೃಢೀಕರಣವನ್ನು ಕೂಡಲೇ ಕಳಿಸಿರಿ, ಮಾನ್ಯರ ಭೇಟಿ ಬರುವ ವಾರದಲ್ಲಿ ಖಚಿತ. ದೃಢೀಕರಿಸುತ್ತೇನೆ, ಮಾನ್ಯರೇ. ಕೋಟೆಗೆ ಏನೂ ಆಗಿಲ್ಲ. ಸಾಸಿವೆ ಸಮೃದ್ಧವಾಗಿ ಬೆಳೆದು ಹಳದಿ ಹೂವು ಬಿಟ್ಟಿದೆ. ಕಂದಕದಲ್ಲಿ ಒಂದೆರಡು ಕಪ್ಪೆಗಳೂ ಬಂದು ಸೇರಿವೆ.

ಶನಿವಾರ ನಾನು ಆ ಕೋಣೆಗೆ ಕೀಲಿ ಹಾಕಿದೆ. ಭಾವುಸಾಹೇಬ ಗುರುಗಳನ್ನು ಕೇಳಲಿಲ್ಲ, ಅವರ ಏಳು ತಿಂಗಳಿಗೆ ನನ್ನಿಂದ ಕುಂದು ಬರಬಾರದು. ಕೀಲಿಕೈಯನ್ನು ಕುರುಂದವಾಡದ ಅಂಚೆಕಚೇರಿಯಿಂದ ತಮ್ಮ ಹುದ್ದೆಯ ಹೆಸರಿಗೆ ರಜಿಸ್ಟರ್ ಮಾಡಿಸಿ ಕಳಿಸಿದ್ದೇನೆ, ಸೋಮವಾರ ಮಂಗಳವಾರದ ಹೊತ್ತಿಗೆ ತಮ್ಮ ಮೇಜಿಗೆ ಬಂದೀತು. ಮಕ್ಕಳನ್ನು ನಾಳೆಯಿಂದ ಅಕ್ಕಿಯ ಚೀಲಗಳ ನಡುವೆ ಕೂರಿಸುತ್ತೇನೆ. ಇದಕ್ಕೆ ಏನು ಶಿಕ್ಷೆಯೋ ಅದನ್ನು ಕೊಡಿ, ಆದೇಶ ತೆಗೆದುಕೊಂಡು ಸಹಿ ಮಾಡಿ ಕೊಡುತ್ತೇನೆ. ಕೋಣೆ ಸುಸಜ್ಜಿತವಾಗಿದೆ ಎಂದು ಈಗಲೂ ತಮಗನ್ನಿಸಿದರೆ ಒಂದು ಕೆಲಸ ಮಾಡಿ. ತಾವೇ ಬನ್ನಿ. ಕೀಲಿ ತೆಗೆದು ಒಳಗೆ ಹೋಗಿ, ಕಿಟಕಿಯ ಕೆಳಗೆ ನೇತ್ರಾಳ ಜಾಗದಲ್ಲಿ, ಗೋಡೆಗೆ ಬೆನ್ನು ಕೊಟ್ಟು, ಒಂದು ತಾಸು ಕೂರಿ. ಹೊರಗಿನಿಂದ ನಾವು ಕಂದಕಕ್ಕೆ ನೀರು ಹಾಕುತ್ತಿರುತ್ತೇವೆ. ಒಂದು ತಾಸಿನ ನಂತರ ತಾವು ಎದ್ದು ಬಂದು ‘ಏನೂ ಆಗುವುದಿಲ್ಲ’ ಎಂದರೆ, ಇಪ್ಪತ್ತೆರಡು ಮಕ್ಕಳನ್ನೂ ನಾನೇ ಕೈ ಹಿಡಿದು ಒಳಗೆ ಕರೆತರುತ್ತೇನೆ.

ಬೇಡ. ಕೂರಬೇಡಿ, ಸಾಹೇಬರೇ. ಈ ಮಾತು ಬರೆದು ಎದ್ದು ಹೋಗಿ ನೀರು ಕುಡಿದು ಬಂದೆ. ತಾವು ಸಿಟ್ಟಿಗೆ ನಿಜವಾಗಿ ಬಂದು ಕೂತರೆ, ಅದೇ ತಾಸಿನಲ್ಲಿ ಗೋಡೆ ಮೈಮೇಲೆ ಬಂದರೆ? ತಮಗೂ ಮನೆಯಲ್ಲಿ ದಾರಿ ಕಾಯುವವರು ಇರುತ್ತಾರೆ. ಬಂದರೆ ಅಂಗಳದಲ್ಲಿ ನಿಂತು ದೂರದಿಂದ ನೋಡಿ, ಡ್ರೈವರನಿಗೂ ಗಾಡಿಯನ್ನು ಬೇವಿನ ಮರದ ಆಚೆಗೆ ನಿಲ್ಲಿಸಲು ಹೇಳಿ. ನೋಡಲು ಬರದಿದ್ದರೂ ನಡೆದೀತು. ನನಗೆ ಬೇಕಾದದ್ದು ತಮ್ಮ ಸಹಿಯ ಒಂದು ಸಾಲು: ಈ ಗೋಡೆಯನ್ನು ಇಳಿಸಲು ಭರಮಪ್ಪ ಗೌಂಡಿ ಮತ್ತು ಅವರ ಸಂಗಡಿಗರಿಗೆ ಅಪ್ಪಣೆ ಇದೆ. ಅವರು ಮೂರ್ತಿಯನ್ನು ಮೊದಲು ಕೈಯಾರೆ ಎತ್ತಿ ಅಕ್ಕಿಯ ಕೋಣೆಯೊಳಗೆ ತಂದಿಡುತ್ತಾರೆ, ಆಮೇಲೆ ತಗಡಿಗೆ ಕೈ ಹಚ್ಚುತ್ತಾರೆ. ನಾಲ್ಕು ಜನ ತಯಾರಾಗಿ ಕೂತಿದ್ದಾರೆ. ಚೀಟಿ ಇವತ್ತು ಬಂದರೆ ಕೀಲಿ ಒಡೆದು ನಾಳೆ ಮುಂಜಾನೆ ಶುರು ಮಾಡುತ್ತಾರೆ. ದಯವಿಟ್ಟು ಬೇಗ ಕಳಿಸಿ, ಮಕ್ಕಳು ಕಿಟಕಿಯಿಂದ ಒಳಗೆ ಹತ್ತುವುದನ್ನು ಕಲಿತವರು.

ಇಂತಿ, ಗೋಡೆಯ ಬುಡ ತೋಡಿಸಿ ಬಹುಮಾನ ಪಡೆದವಳು,
ಸೋನಾಲಿ
ಸಹಶಿಕ್ಷಕಿ, ಮೂರನೆಯ ಮತ್ತು ನಾಲ್ಕನೆಯ ಇಯತ್ತೆ
(ಈ ಪತ್ರ ತಮ್ಮ ಕಣ್ಣಿಗೆ ಬೀಳುವವರೆಗಂತೂ)